ಒಣಗಿದ ಹೂವಿನ ಪಹಣಿ: ಒಂದು ಕಾಡುಹೂವಿನ ಹರ್ಬೇರಿಯಂ ದಾಖಲೆಗಳನ್ನು ಓದುವ ಬಗೆ

ಈವನಿಂಗ್ ಪ್ರಿಮ್‌ರೋಸ್ ಎಂದಾಗ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಔಷಧದ ಅಂಗಡಿಯಲ್ಲಿ ಸಿಗುವ ಎಣ್ಣೆಯ ಕ್ಯಾಪ್ಸೂಲು. ಗಿಡವನ್ನು ಕಂಡವರು ಕಡಿಮೆ. ಹೆಸರನ್ನು ಕನ್ನಡಕ್ಕೆ ತರಲು ಹೊರಟವರು ಸಂಜೆಮಲ್ಲಿಗೆ ಎಂದು ಬರೆದುಬಿಡುವುದೂ ಉಂಟು. ಆದರೆ ನಮ್ಮ ಹಿತ್ತಲಿನ ಸಂಜೆಮಲ್ಲಿಗೆ ಮಿರಾಬಿಲಿಸ್ ಜಲಾಪ ಎಂಬ ಬೇರೆಯದೇ ಕುಟುಂಬದ ಗಿಡ. ಇಂಗ್ಲಿಷಿನ ಹೆಸರೂ ನಂಬಿಕೆಗೆ ಅರ್ಹವಲ್ಲ, ಏಕೆಂದರೆ ನಿಜವಾದ ಪ್ರಿಮ್‌ರೋಸ್ ಗಿಡಗಳಿಗೂ ಇದಕ್ಕೂ ಹತ್ತಿರದ ಸಂಬಂಧವಿಲ್ಲ. ಸಸ್ಯಶಾಸ್ತ್ರಜ್ಞರು ಇದನ್ನು ಈನೊಥೆರ ಎಂಬ ಕುಲದಲ್ಲಿ, ಓನಾಗ್ರೇಸಿ ಎಂಬ ಕುಟುಂಬದಲ್ಲಿ ಇರಿಸುತ್ತಾರೆ. ನಮ್ಮ ಗದ್ದೆಯ ಬದುಗಳಲ್ಲಿ, ಕೆರೆಯಂಚಿನ ಕೆಸರಿನಲ್ಲಿ ನಾಲ್ಕೆಸಳಿನ ಹಳದಿ ಹೂ ಬಿಡುವ ಲುಡ್ವಿಜಿಯ ಇದೇ ಕುಟುಂಬದ್ದು. ಈನೊಥೆರ ಕುಲದ ತವರು ಮಾತ್ರ ಅಮೆರಿಕದ ಎರಡು ಖಂಡಗಳು. ಅದರ ಒಂದೆರಡು ಪ್ರಭೇದಗಳು ತೋಟಗಳಿಂದ ತಪ್ಪಿಸಿಕೊಂಡು ನೀಲಗಿರಿ ಮತ್ತು ಕೊಡೈಕನಾಲಿನ ತಂಪು ಬೆಟ್ಟಗಳಲ್ಲಿ ರಸ್ತೆಬದಿಯ ಕಳೆಗಳಾಗಿ ನೆಲೆಯೂರಿವೆ. ಊಟಿಗೆ ಹೋದವರು ತಿಳಿಯದೆಯೇ ಗುಲಾಬಿ ಬಣ್ಣದ ಈನೊಥೆರ ರೋಸಿಯವನ್ನು ದಾಟಿ ಬಂದಿರುತ್ತಾರೆ.

ಈ ಲೇಖನದ ವಿಷಯ ಆ ಕುಲದ ಒಂದೇ ಒಂದು ಕಾಡು ಪ್ರಭೇದ, ಈನೊಥೆರ ವುಲ್ಫಿಯೈ. ಅಮೆರಿಕದ ಪೆಸಿಫಿಕ್ ಕರಾವಳಿಯಲ್ಲಿ, ಆರೆಗಾನ್ ರಾಜ್ಯದ ಕರಿ ಕೌಂಟಿಯಿಂದ ಕ್ಯಾಲಿಫೋರ್ನಿಯದ ಉತ್ತರ ತುದಿಯ ಡೆಲ್ ನಾರ್ಟ್ ಮತ್ತು ಹಂಬೋಲ್ಟ್ ಕೌಂಟಿಗಳವರೆಗಿನ ಕಿರಿದಾದ ಪಟ್ಟಿಯಲ್ಲಿ, ಮಂಜು ಕವಿದ ಕಡಲಂಚಿನ ದಿಣ್ಣೆಗಳಲ್ಲಿ, ಮರಳುದಿಬ್ಬಗಳಲ್ಲಿ ಮತ್ತು ಮಣ್ಣು ಕೆದರಿದ ರಸ್ತೆಬದಿಗಳಲ್ಲಿ ಇದು ಬೆಳೆಯುತ್ತದೆ. ಬಿತ್ತು ಮೊಳೆತ ಮೊದಲ ಅವಧಿಯಲ್ಲಿ ನೆಲಕ್ಕಂಟಿದ ಎಲೆಗಳ ಚಕ್ರವಷ್ಟೇ ಕಾಣುತ್ತದೆ. ಆಮೇಲೆ ದಂಟು ಮೇಲೇಳುತ್ತದೆ, ಹಳದಿ ಹೂಗಳು ಸಂಜೆ ಅರಳಿ ಮರುದಿನ ಬಾಡುತ್ತವೆ, ಕಾಯಿಗಳು ನಾಲ್ಕಾಗಿ ಸೀಳಿ ಬೀಜ ಚೆಲ್ಲುತ್ತವೆ, ಗಿಡ ಸಾಯುತ್ತದೆ. ಆರೆಗಾನ್ ರಾಜ್ಯ ಇದನ್ನು ಅಪಾಯಕ್ಕೊಳಗಾದ ಗಿಡವೆಂದು ಕಾನೂನಿನಡಿ ಪಟ್ಟಿ ಮಾಡಿದೆ. ಕ್ಯಾಲಿಫೋರ್ನಿಯದ ಸ್ಥಳೀಯ ಸಸ್ಯಗಳ ಸೊಸೈಟಿ ಇದಕ್ಕೆ 1ಬಿ.1 ಎಂಬ ಶ್ರೇಣಿ ಕೊಟ್ಟಿದೆ, ಅಂದರೆ ಅಪರೂಪದ ಗಿಡಗಳಲ್ಲಿಯೂ ತೀವ್ರ ಅಪಾಯದಲ್ಲಿರುವುದು.

ಇಂಥ ಗಿಡ ಎಲ್ಲಿತ್ತು, ಎಲ್ಲಿದೆ, ಎಲ್ಲಿಂದ ಹೋಯಿತು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವವರು ಮೊದಲು ಕೈಹಾಕುವುದು ಹರ್ಬೇರಿಯಂ, ಅಂದರೆ ಒತ್ತಿ ಒಣಗಿಸಿದ ಗಿಡಗಳ ಸಂಗ್ರಹಾಲಯದ ದಾಖಲೆಗಳಿಗೆ. ಈಗ ಅವು ಅಂತರ್ಜಾಲದಲ್ಲಿ ಕುಳಿತಲ್ಲಿಯೇ ಸಿಗುತ್ತವೆ. ಹೆಸರು ಟೈಪ್ ಮಾಡಿದರೆ ನಕ್ಷೆಯ ಮೇಲೆ ಚುಕ್ಕೆಗಳು ಮೂಡುತ್ತವೆ. ತೊಂದರೆ ಇರುವುದು ಇಲ್ಲಿಯೇ. ಒಂದೊಂದು ಚುಕ್ಕೆಯನ್ನೂ ಒಂದೊಂದು ಗಿಡವೆಂದು ಓದುವುದು ಸುಲಭ, ಮತ್ತು ಬಹುತೇಕ ಸಂದರ್ಭಗಳಲ್ಲಿ ತಪ್ಪು. ಹರ್ಬೇರಿಯಂ ದಾಖಲೆಯನ್ನು ನಮ್ಮ ಪಹಣಿಯಂತೆ ಓದಬೇಕು ಎನ್ನುವುದು ನನ್ನ ಅಭಿಪ್ರಾಯ. ಪಹಣಿಯಲ್ಲಿ ಸರ್ವೆ ನಂಬರ್ ಸಾಮಾನ್ಯವಾಗಿ ನಿಲ್ಲುತ್ತದೆ, ಖಾತೆದಾರರ ಹೆಸರು ಬದಲಾಗುತ್ತದೆ, ಬೆಳೆಯ ಕಾಲಂನಲ್ಲಿ ಬರೆದದ್ದು ಹೊಲದಲ್ಲಿ ಇರಲೂಬಹುದು ಇಲ್ಲದಿರಲೂಬಹುದು. ಯಾರು, ಯಾವಾಗ, ಯಾವ ಆಧಾರದ ಮೇಲೆ ಬರೆದರು ಎಂದು ಕೇಳದೆ ಅದನ್ನು ನಂಬುವ ರೈತ ನಮ್ಮಲ್ಲಿಲ್ಲ.

ಹಾಳೆಯ ಮೇಲೆ ಏನಿದೆ

ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದವರಿಗೆ ಹರ್ಬೇರಿಯಂ ಎಂದರೆ ಪ್ರಾಯೋಗಿಕ ಪರೀಕ್ಷೆಗೆ ಸಲ್ಲಿಸಬೇಕಾದ ಹಾಳೆಗಳ ಕಟ್ಟು. ಹಳೆಯ ದಿನಪತ್ರಿಕೆಯ ನಡುವೆ ಗಿಡ ಇಟ್ಟು, ಮೇಲೆ ಭಾರ ಹೇರಿ, ಪತ್ರಿಕೆ ಬದಲಿಸುತ್ತ ಒಣಗಿಸಿ, ದಪ್ಪ ಬಿಳಿ ಹಾಳೆಗೆ ಅಂಟಿಸಿ, ಬಲಗಡೆಯ ಕೆಳಮೂಲೆಯಲ್ಲಿ ಚೀಟಿ ಬರೆಯುವುದು. ನಾನೂ ಹಾಗೆ ಮಾಡಿದವನೇ, ಮತ್ತು ಸಂಗ್ರಹದ ದಿನಾಂಕಗಳನ್ನು ಸಲ್ಲಿಕೆಯ ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ ಕುಳಿತು ಒಂದೇ ಪೆನ್ನಿನಲ್ಲಿ ತುಂಬಿದವನು. ಆ ಹಾಳೆಗಳು ಯಾವ ಸಂಗ್ರಹಾಲಯಕ್ಕೂ ಹೋಗಲಿಲ್ಲ ಎಂಬುದು ವಿಜ್ಞಾನದ ಪುಣ್ಯ. ನಿಜವಾದ ಹರ್ಬೇರಿಯಂನಲ್ಲಿಯೂ ಹಾಳೆ ಇದೇ ಬಗೆಯದು; ವ್ಯತ್ಯಾಸ ಇರುವುದು ಚೀಟಿಯ ಪ್ರಾಮಾಣಿಕತೆಯಲ್ಲಿ ಮತ್ತು ಹಾಳೆ ಕಪಾಟಿನಲ್ಲಿ ಉಳಿಯುವ ಕಾಲದಲ್ಲಿ.

ಈನೊಥೆರದ ಒಂದು ಹಾಳೆಯನ್ನು ಹತ್ತಿರದಿಂದ ನೋಡೋಣ. ಅಮೆರಿಕದ ಹಾಳೆಗಳ ಅಳತೆ ಹದಿನಾರೂವರೆ ಇಂಚು ಉದ್ದ, ಹನ್ನೊಂದೂವರೆ ಇಂಚು ಅಗಲ. ಆಳೆತ್ತರಕ್ಕೆ ಹತ್ತಿರ ಬರಬಲ್ಲ ದಂಟು ಅದರಲ್ಲಿ ಹಿಡಿಸುವುದಿಲ್ಲವಾದ್ದರಿಂದ ಸಂಗ್ರಾಹಕರು ಅದನ್ನು ಮಡಿಸುತ್ತಾರೆ, ಇಲ್ಲವೇ ಹೂವಿರುವ ತುದಿಯನ್ನೂ ಬುಡದ ಎಲೆಯನ್ನೂ ಬೇರೆಬೇರೆಯಾಗಿ ಇಡುತ್ತಾರೆ. ದಳಗಳು ಬಹಳ ತೆಳು, ಕಿತ್ತ ಕೆಲವೇ ನಿಮಿಷಗಳಲ್ಲಿ ಮುದುಡುತ್ತವೆ. ಅವನ್ನು ಜೋಪಾನವಾಗಿ ಬಿಡಿಸಿ ಒತ್ತದಿದ್ದರೆ ಹಾಳೆಯಲ್ಲಿ ಉಳಿಯುವುದು ಕಿತ್ತಳೆ ಛಾಯೆಗೆ ತಿರುಗಿದ ಒಂದು ಸುಕ್ಕು ಮಾತ್ರ. ಮಧ್ಯಾಹ್ನದ ಬಿಸಿಲಲ್ಲಿ ಸಂಗ್ರಹಿಸಿದವರಿಗೆ ಅರಳಿದ ಹೂವೇ ಸಿಕ್ಕಿರುವುದಿಲ್ಲ. ದಳದ ಅಳತೆಯಿಂದಲೇ ಪ್ರಭೇದವನ್ನು ಗುರುತಿಸಬೇಕಾದ ಗಿಡದಲ್ಲಿ ಇದು ಸಣ್ಣ ವಿಷಯವಲ್ಲ ಎಂಬುದು ಮುಂದೆ ತಿಳಿಯುತ್ತದೆ.

ಗಿಡದ ಪಕ್ಕದಲ್ಲಿ ಹಲವು ಬಗೆಯ ಕಾಗದಗಳಿರುತ್ತವೆ. ಮೊದಲನೆಯದು ಸಂಗ್ರಾಹಕರ ಚೀಟಿ: ಸ್ಥಳ, ದಿನಾಂಕ, ನೆಲದ ಬಗೆ, ಸುತ್ತಲಿನ ಗಿಡಗಳು, ಒಣಗಿದ ಮೇಲೆ ಕಾಣದಾಗುವ ಎತ್ತರ, ಬಣ್ಣ, ವಾಸನೆಯಂಥ ವಿವರಗಳು, ಸಂಗ್ರಾಹಕರ ಹೆಸರು ಮತ್ತು ಸಂಗ್ರಹ ಸಂಖ್ಯೆ. ಈ ಸಂಖ್ಯೆ ಸಂಗ್ರಾಹಕರ ಜೀವಮಾನದ ಲೆಕ್ಕ; ಒಬ್ಬರು ಮೊದಲು ಒತ್ತಿದ ಗಿಡ ಒಂದಾದರೆ, ಕೊನೆಯದು ಹತ್ತು ಸಾವಿರವೂ ಆಗಬಹುದು. ಹರ್ಬೇರಿಯಂ ತನ್ನ ಪುಸ್ತಕದಲ್ಲಿ ಹಾಳೆಯನ್ನು ನಮೂದಿಸಿಕೊಂಡಾಗ ಕೊಡುವ ಸೇರ್ಪಡೆ ಸಂಖ್ಯೆ ಇದಕ್ಕಿಂತ ಬೇರೆ. ಇತ್ತೀಚಿನ ದಶಕಗಳಲ್ಲಿ ಅಂಟಿಸಿದ ಬಾರ್‌ಕೋಡ್ ಮೂರನೆಯದು. ಈ ಮೂರು ಸಂಖ್ಯೆಗಳನ್ನು ಒಂದಕ್ಕೊಂದು ಬೆರೆಸಿದ ಲೇಖನಗಳನ್ನು ನಾನು ಓದಿದ್ದೇನೆ. ಬೆರೆಸಿದರೆ ಒಂದೇ ಗಿಡ ಮೂರಾಗುತ್ತದೆ. ಇವುಗಳ ಜೊತೆಗೆ, ನಂತರದ ತಜ್ಞರು ಹಾಳೆಯನ್ನು ಪರಿಶೀಲಿಸಿ ಈ ಗಿಡ ಇಂಥದ್ದು ಎಂದು ತಮ್ಮ ಹೆಸರು ಮತ್ತು ವರ್ಷದೊಂದಿಗೆ ಅಂಟಿಸಿದ ಕಿರುಚೀಟಿಗಳಿರುತ್ತವೆ. ಹಳೆಯ ಚೀಟಿಯನ್ನು ಯಾರೂ ಕೀಳುವುದಿಲ್ಲ; ಹೊಸದನ್ನು ಅದರ ಪಕ್ಕದಲ್ಲಿ ಅಂಟಿಸುತ್ತಾರೆ. ಪಹಣಿಯ ಮ್ಯುಟೇಶನ್ ನಮೂದುಗಳ ಹಾಗೆ, ಯಾರ ಕೈಯಿಂದ ಯಾರ ಕೈಗೆ ಗಿಡದ ಹೆಸರು ಬಂತು ಎಂಬುದು ಹಾಳೆಯ ಮೇಲೆಯೇ ಉಳಿಯುತ್ತದೆ.

ಜಗತ್ತಿನಲ್ಲಿ ಇಂಥ ಹರ್ಬೇರಿಯಂಗಳು 3,500ಕ್ಕೂ ಹೆಚ್ಚಿವೆ. ಅವುಗಳಲ್ಲಿರುವ ಮಾದರಿಗಳು ಸುಮಾರು 40 ಕೋಟಿ. ಪ್ರತಿಯೊಂದಕ್ಕೂ ಒಂದು ಸಂಕೇತವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂನದು ಜೆಸಿಬಿ. ನಮ್ಮ ಗಿಡದ ಹಾಳೆಗಳನ್ನು ಹುಡುಕುವವರು ಹಂಬೋಲ್ಟ್ ಕೌಂಟಿಯ ಆರ್ಕೇಟದಲ್ಲಿರುವ ಎಚ್ಎಸ್‌ಸಿ, ಬರ್ಕ್ಲಿಯ ಯುಸಿ, ಸ್ಯಾನ್ ಫ್ರಾನ್ಸಿಸ್ಕೊದ ಸಿಎಎಸ್, ಕ್ಲೇರ್ಮಾಂಟಿನ ಆರ್‌ಎಸ್‌ಎ ಮುಂತಾದ ಸಂಕೇತಗಳನ್ನು ತಿಳಿದಿರಬೇಕು. ಸಂಸ್ಥೆಗಳ ಹೆಸರು ಬದಲಾದರೂ ಸಂಕೇತ ಉಳಿಯುತ್ತದೆ: ಆರ್‌ಎಸ್‌ಎ ಎಂಬ ಅಕ್ಷರಗಳು ರಾಂಚೊ ಸಾಂತಾ ಆನಾ ಎಂಬ ಹಳೆಯ ಹೆಸರಿನವು, ಆ ತೋಟ ಈಗ ಕ್ಯಾಲಿಫೋರ್ನಿಯ ಸಸ್ಯೋದ್ಯಾನ ಎನಿಸಿಕೊಂಡಿದ್ದರೂ.

ಹೆಸರು ಬದಲಾದ ಕಥೆ

ಆ ರಾಂಚೊ ಸಾಂತಾ ಆನಾ ತೋಟದಲ್ಲಿ ಕೆಲಸ ಮಾಡುತ್ತಿದ್ದ ಕಾರ್ಲ್ ವುಲ್ಫ್ ಎಂಬ ಸಸ್ಯಶಾಸ್ತ್ರಜ್ಞರ ಗೌರವಾರ್ಥವಾಗಿ, ಅದೇ ತೋಟದ ನಿರ್ದೇಶಕರಾಗಿದ್ದ ಫಿಲಿಪ್ ಮುಂಜ್ 1949ರಲ್ಲಿ ಈ ಗಿಡಕ್ಕೆ ಹೆಸರಿಟ್ಟರು. ಆದರೆ ಅವರು ಇದನ್ನು ಸ್ವತಂತ್ರ ಪ್ರಭೇದವೆಂದು ಎಣಿಸಲಿಲ್ಲ. ಪಶ್ಚಿಮ ಅಮೆರಿಕದಲ್ಲಿ ವ್ಯಾಪಕವಾಗಿ ಬೆಳೆಯುವ ಈನೊಥೆರ ಹುಕೆರಿ ಎಂಬ ಗಿಡದ ಒಂದು ಉಪಪ್ರಭೇದವೆಂದು ಬಗೆದರು. ಮೂವತ್ತು ವರ್ಷಗಳ ನಂತರ, 1979ರ ಸಂಪುಟದಲ್ಲಿ ಪೀಟರ್ ರೇವನ್, ವರ್ನರ್ ಡೀಟ್ರಿಕ್ ಮತ್ತು ವಿಲ್ಫ್ರೀಡ್ ಶ್ಟುಬೆ ಇದನ್ನು ಬೇರೆ ಪ್ರಭೇದವೆಂದು ಮೇಲಕ್ಕೇರಿಸಿದರು. ಪೂರ್ಣ ವೈಜ್ಞಾನಿಕ ಹೆಸರಿನ ಕೊನೆಯಲ್ಲಿ ಮುಂಜ್ ಅವರ ಹೆಸರು ಕಂಸದೊಳಗೆ, ಉಳಿದ ಮೂವರದು ಕಂಸದ ಹೊರಗೆ ಬರುವುದು ಇದೇ ಕಾರಣಕ್ಕೆ. ಇತ್ತ ಹುಕೆರಿಯ ಸ್ಥಾನವೂ ಬದಲಾಗಿ, ಅದು ಈಗ ಈನೊಥೆರ ಎಲಾಟ ಎಂಬುದರ ಉಪಪ್ರಭೇದವಾಗಿದೆ.

ದಾಖಲೆ ಓದುವವರಿಗೆ ಇದರಿಂದ ಒಂದು ಸರಳ ಪರೀಕ್ಷೆ ಸಿಗುತ್ತದೆ. 1949ಕ್ಕಿಂತ ಮೊದಲು ಬರೆದ ಯಾವ ಮೂಲ ಚೀಟಿಯಲ್ಲಿಯೂ ವುಲ್ಫಿಯೈ ಎಂಬ ಪದ ಇರಲಾರದು. ಶಾಸನ ಓದುವವರು ತನ್ನ ಕಾಲಕ್ಕೆ ಸಲ್ಲದ ಪದ ಕಂಡೊಡನೆ ಅದು ಕೂಟಶಾಸನ, ಅಂದರೆ ನಕಲಿ ಶಾಸನ, ಇರಬಹುದೆಂದು ಎಚ್ಚರಾಗುತ್ತಾರಲ್ಲ, ಇಲ್ಲಿಯೂ ಅದೇ ಎಚ್ಚರ ಬೇಕು. ವ್ಯತ್ಯಾಸವೆಂದರೆ ಇಲ್ಲಿ ಮೋಸವಿಲ್ಲ. 1930ರ ದಶಕದ ಸಂಗ್ರಹವೊಂದು ದತ್ತಾಂಶದಲ್ಲಿ ಈನೊಥೆರ ವುಲ್ಫಿಯೈ ಎಂದು ಕಂಡರೆ, ಆ ಹೆಸರು ಸಂಗ್ರಾಹಕರ ಮಾತಲ್ಲ, ಮುಂದೆಂದೋ ಯಾರೋ ಕೊಟ್ಟ ತೀರ್ಪು ಎಂದಷ್ಟೇ ಅರ್ಥ. ಆ ತೀರ್ಪನ್ನು ಹಾಳೆಯನ್ನು ನೋಡಿಯೇ ಕೊಟ್ಟಿದ್ದಾರೆಯೇ, ಅಥವಾ ಕಚೇರಿಯಲ್ಲಿ ಹಳೆಯ ಹೆಸರುಗಳ ಪಟ್ಟಿಗೆ ಹೊಸ ಹೆಸರುಗಳನ್ನು ಒಟ್ಟಾಗಿ ಹೊಂದಿಸುವಾಗ ಅದು ತಾನಾಗಿ ಬದಲಾಗಿದೆಯೇ ಎಂಬುದು ಮುಂದಿನ ಪ್ರಶ್ನೆ. ತೊಡಕು ಹೆಚ್ಚಾಗುವುದು ಇದರ ವಿರುದ್ಧ ದಿಕ್ಕಿನಲ್ಲಿ. ಹುಕೆರಿ ಎಂಬ ಹಳೆಯ ಹೆಸರಿನಡಿ ಕಪಾಟಿನಲ್ಲಿ ಉಳಿದು, ತಜ್ಞರ ಕಣ್ಣಿಗೆ ಬೀಳದ ಕರಾವಳಿಯ ಹಾಳೆ ಯಾವುದಾದರೂ ಇದ್ದರೆ ವುಲ್ಫಿಯೈ ಎಂದು ಹುಡುಕಿದವರಿಗೆ ಅದು ಎಂದೂ ಸಿಗುವುದಿಲ್ಲ. ಆದ್ದರಿಂದ ಅನುಭವಿಗಳು ಗಿಡದ ಈಗಿನ ಹೆಸರಿನಿಂದ ಮಾತ್ರ ಹುಡುಕದೆ, ಕುಲದ ಹೆಸರು ಮತ್ತು ಕೌಂಟಿಯ ಹೆಸರು ಹಾಕಿ, ಬಂದ ಹಾಳೆಗಳನ್ನೆಲ್ಲ ಒಂದೊಂದಾಗಿ ನೋಡುತ್ತಾರೆ.

ಒಣಗಿದ ಹಾಳೆಯಿಂದ ಎರಡು ಪ್ರಭೇದಗಳನ್ನು ಬೇರೆ ಮಾಡುವುದು ಹೇಗೆ? ಇಲ್ಲಿ ಈನೊಥೆರ ಕುಲದ ಒಂದು ವಿಚಿತ್ರ ಗುಣ ನೆರವಿಗೆ ಬರುತ್ತದೆ. ಈ ಗಿಡಗಳಲ್ಲಿ ವರ್ಣತಂತುಗಳು 14. ಪರಾಗ ಮತ್ತು ಅಂಡ ರೂಪುಗೊಳ್ಳುವಾಗ ಸಾಮಾನ್ಯ ಗಿಡಗಳಲ್ಲಿ ವರ್ಣತಂತುಗಳು ಎರಡೆರಡಾಗಿ ಜೋಡಿಯಾಗುತ್ತವೆ. ಹುಕೆರಿಯಲ್ಲಿಯೂ ಸಾಮಾನ್ಯವಾಗಿ ಹೀಗೆ ಏಳು ಜೋಡಿಗಳಾಗುತ್ತವೆ. ವುಲ್ಫಿಯೈನಲ್ಲಿ ಹಾಗಾಗದೆ, ಹದಿನಾಲ್ಕೂ ತುದಿಗೆ ತುದಿ ಸೇರಿ ಒಂದೇ ಬಳೆಯಾಗುತ್ತವೆ. ಕೋಲಾಟದ ವೃತ್ತದಲ್ಲಿ ಒಬ್ಬರು ಬಿಟ್ಟು ಒಬ್ಬರು ಒಳಕ್ಕೂ ಉಳಿದವರು ಹೊರಕ್ಕೂ ಹೆಜ್ಜೆಯಿಡುವ ಹಾಗೆ, ಬಳೆ ಒಡೆದಾಗ ಏಳರ ಎರಡು ತಂಡಗಳು ಪ್ರತಿ ತಲೆಮಾರಿನಲ್ಲಿಯೂ ಇಡಿಯಾಗಿಯೇ ಬೇರ್ಪಡುತ್ತವೆ. ಒಂದೇ ತಂಡ ಎರಡೂ ಕಡೆಯಿಂದ ಬಂದ ಸಂತಾನ ಉಳಿಯುವುದಿಲ್ಲ. ಎರಡು ಬೇರೆ ತಂಡಗಳು ಕೂಡಿದ್ದು ಮಾತ್ರ ಉಳಿಯುತ್ತದೆ. ಗಿಡ ತನ್ನದೇ ಪರಾಗದಿಂದ ಫಲಿಸುವುದರಿಂದ ಮಗಳು ತಾಯಿಯ ಪಡಿಯಚ್ಚಾಗಿಯೇ ಹುಟ್ಟುತ್ತಾಳೆ. ಈ ವ್ಯವಸ್ಥೆಗೆ ತೆರಬೇಕಾದ ಬೆಲೆಯೆಂದರೆ ಪರಾಗದಲ್ಲಿ ಸುಮಾರು ಅರ್ಧ ಜೊಳ್ಳು.

ಆ ಜೊಳ್ಳು ಹಾಳೆಯಲ್ಲಿಯೂ ಉಳಿಯುತ್ತದೆ. ಒಣಗಿದ ಪರಾಗಕೋಶದಿಂದ ಚಿಟಿಕೆ ಪರಾಗ ತೆಗೆದು, ಬಣ್ಣದ ದ್ರವದಲ್ಲಿ ನೆನೆಸಿ ಸೂಕ್ಷ್ಮದರ್ಶಕದಡಿ ಇಟ್ಟರೆ, ಜೇಡನ ಎಳೆಯಂಥ ನೂಲುಗಳಿಗೆ ಸಿಕ್ಕಿಕೊಂಡ ಮುಮ್ಮೂಲೆಯ ಕಣಗಳು ಕಾಣುತ್ತವೆ. ತುಂಬಿದ ಕಣ ಬಣ್ಣ ಹೀರಿ ಗಾಢವಾಗುತ್ತದೆ, ಜೊಳ್ಳು ಕಣ ಬಿಳಿಚಿಕೊಂಡೇ ಇರುತ್ತದೆ. ಹೆಚ್ಚುಕಡಿಮೆ ಎಲ್ಲವೂ ತುಂಬಿದ್ದರೆ ಹುಕೆರಿಯ ಕಡೆಗೆ, ಅರ್ಧದಷ್ಟು ಜೊಳ್ಳಾಗಿದ್ದರೆ ವುಲ್ಫಿಯೈ ಕಡೆಗೆ ತಕ್ಕಡಿ ವಾಲುತ್ತದೆ. ಸಂಗ್ರಾಹಕರು ಸತ್ತು ಎಷ್ಟೋ ವರ್ಷಗಳಾದ ಮೇಲೂ, ಅವರು ಕೇಳಿರದ ಪ್ರಶ್ನೆಯೊಂದಕ್ಕೆ ಅವರು ಒತ್ತಿಟ್ಟ ಹೂವು ಉತ್ತರ ಕೊಡುತ್ತದೆ. ಛಾಯಾಚಿತ್ರ ಇದನ್ನು ಮಾಡಲಾರದು; ಚಿತ್ರಗಳ ಈ ಕಾಲದಲ್ಲಿಯೂ ಹಾಳೆಗಳ ಪರ ನಾನು ವಾದಿಸುವುದಕ್ಕೆ ಇದೇ ದೊಡ್ಡ ಕಾರಣ.

ತೋಟದಿಂದ ಬಂದ ನಂಟ

ಕಪಾಟಿನಲ್ಲಿ ಹುಕೆರಿಯೊಂದೇ ಇದ್ದಿದ್ದರೆ ಕೆಲಸ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಇದೇ ಕರಾವಳಿಗೆ ತೋಟಗಳ ಮೂಲಕ ಬಂದ ಇನ್ನೊಂದು ನಂಟ ಇದೆ, ಈನೊಥೆರ ಗ್ಲೇಜಿಯೋವಿಯಾನ. ಇದರ ಚರಿತ್ರೆಯೂ ಹರ್ಬೇರಿಯಂ ಹಾಳೆಗಳ ಸುತ್ತಲೇ ಸುತ್ತುತ್ತದೆ. ಇದು ಯೂರೋಪಿನ ತೋಟಗಳಲ್ಲಿ ಎರಡು ಪ್ರಭೇದಗಳ ಬೆರಕೆಯಿಂದ ಹುಟ್ಟಿತೆಂದು ಈಗ ಭಾವಿಸಲಾಗಿದೆ. ಆದರೆ ಇದಕ್ಕೆ ಹೆಸರು ಬಂದದ್ದು 1875ರಲ್ಲಿ, ಬ್ರೆಜಿಲಿನಿಂದ ಬಂದ ಮಾದರಿಯ ಆಧಾರದ ಮೇಲೆ. ಇದೇ ಗಿಡವನ್ನು 1886ರಲ್ಲಿ ನೆದರ್‌ಲ್ಯಾಂಡ್ಸಿನ ಹಿಲ್ವರ್ಸುಮ್ ಬಳಿ ಪಾಳುಬಿದ್ದ ಆಲೂಗಡ್ಡೆ ಹೊಲದಲ್ಲಿ ಕಂಡ ಡಚ್ ಸಸ್ಯಶಾಸ್ತ್ರಜ್ಞ ಹ್ಯೂಗೊ ಡಿ ವ್ರೀಸ್, ಅದನ್ನು ಲಾಮಾರ್ಕಿಯಾನ ಎಂದು ಕರೆದರು. ಅದರ ಸಂತಾನದಲ್ಲಿ ಒಮ್ಮೆಲೇ ಕಾಣಿಸಿಕೊಂಡ ಹೊಸ ರೂಪಗಳನ್ನು ನೋಡಿ, ಹೊಸ ಪ್ರಭೇದಗಳು ಹೀಗೆ ಒಮ್ಮೆಲೇ ಹುಟ್ಟುತ್ತವೆ ಎಂಬ ತಮ್ಮ ಉತ್ಪರಿವರ್ತನೆಯ ಸಿದ್ಧಾಂತವನ್ನು 1901ರಿಂದ 1903ರ ನಡುವೆ ಪ್ರಕಟಿಸಿದರು. ಇಂದು ನಾವು ಬಳಸುವ ಮ್ಯುಟೇಶನ್ ಎಂಬ ಪದ ಜೀವಶಾಸ್ತ್ರದಲ್ಲಿ ನೆಲೆಯೂರಿದ್ದು ಈ ಗಿಡದ ದೆಸೆಯಿಂದ. ತಾಲ್ಲೂಕು ಕಚೇರಿಯ ಮ್ಯುಟೇಶನ್ನಿಗೂ ಇದಕ್ಕೂ ಪದವೊಂದೇ ಸಮಾನ.

ಗಿಡವೇ ಬೆರಕೆಯದಾಗಿದ್ದರೆ ಸಿದ್ಧಾಂತದ ಬುಡವೇ ಅಲ್ಲಾಡುತ್ತದೆ ಎಂದು ವಿರೋಧಿಗಳು ವಾದಿಸಿದರು. ಹಾಗಾಗಿ ಇದು ಎಲ್ಲಿಯಾದರೂ ಕಾಡಿನಲ್ಲಿ ಬೆಳೆದ ಗಿಡವೇ ಎಂಬ ಪ್ರಶ್ನೆ ಎದ್ದಿತು, ಉತ್ತರ ಹುಡುಕಲು ವಿಜ್ಞಾನಿಗಳು ಪ್ಯಾರಿಸ್ಸಿನ ಹರ್ಬೇರಿಯಂನ ಹಳೆಯ ಹಾಳೆಗಳ ಮುಂದೆ ಕುಳಿತರು. ಅಮೆರಿಕದ ಬ್ರ್ಯಾಡ್ಲಿ ಮೋರ್ ಡೇವಿಸ್, ಗಿಡದ ಹೆಸರಿನಲ್ಲಿರುವ ಫ್ರೆಂಚ್ ನಿಸರ್ಗವಿಜ್ಞಾನಿ ಲಾಮಾರ್ಕ್ ಕಾಲದ ಮಾದರಿ ನಿಜಕ್ಕೂ ಈನೊಥೆರ ಗ್ರಾಂಡಿಫ್ಲೋರ ಎಂಬ ಬೇರೆ ಗಿಡದ ರೂಪವೆಂದು 1912ರಲ್ಲಿ ವಾದಿಸಿದರು. ಡಿ ವ್ರೀಸ್ 1914ರಲ್ಲಿ ಅದೇ ಸಂಗ್ರಹದ ಇನ್ನೊಂದು ಹಳೆಯ ಮಾದರಿಯನ್ನು ಮುಂದಿಟ್ಟು ಮರುನುಡಿದರು. ವಾದ ತೀರಿದ್ದು ಹಾಳೆಗಳಿಂದಲ್ಲ, ವರ್ಣತಂತುಗಳ ಬಳೆ ಪತ್ತೆಯಾದ ಮೇಲೆ. ಡಿ ವ್ರೀಸ್ ಕಂಡ ಹೊಸ ರೂಪಗಳಲ್ಲಿ ಬಹಳಷ್ಟು ಇಂದಿನ ಅರ್ಥದ ಉತ್ಪರಿವರ್ತನೆಗಳೇ ಅಲ್ಲ. ವರ್ಣತಂತುಗಳ ಸಂಖ್ಯೆ ಮತ್ತು ಜೋಡಣೆಯ ಏರುಪೇರುಗಳು.

ಸಿದ್ಧಾಂತ ಏನಾದರಾಗಲಿ, ದೊಡ್ಡ ಹೂವಿನ ಆ ಚೆಲುವಾದ ಗಿಡ ತೋಟದಿಂದ ತೋಟಕ್ಕೆ ಸಾಗಿ ಪೆಸಿಫಿಕ್ ಕರಾವಳಿಯನ್ನೂ ಮುಟ್ಟಿತು, ಬೇಲಿ ದಾಟಿತು, ವುಲ್ಫಿಯೈ ಬೆಳೆಯುವ ರಸ್ತೆಬದಿಗಳಲ್ಲಿಯೇ ನೆಲೆಯಾಯಿತು. ಎರಡೂ ಬೆರೆಯುತ್ತವೆ. ವುಲ್ಫಿಯೈ ಉಳಿವಿಗೆ ದಿಣ್ಣೆಯ ಕುಸಿತ, ಕಟ್ಟಡ, ರಸ್ತೆ ಕೆಲಸಗಳ ಜೊತೆಗೆ ಈ ಬೆರಕೆಯೂ ದೊಡ್ಡ ಅಪಾಯವೆಂದು ಸಂರಕ್ಷಣಾ ತಜ್ಞರು ಎಣಿಸುತ್ತಾರೆ. ಜೀವಂತ ಗಿಡದಲ್ಲಿ ಇವನ್ನು ಗುರುತಿಸುವುದು ಕಷ್ಟವಲ್ಲ: ವುಲ್ಫಿಯೈ ದಳದ ಉದ್ದ 13ರಿಂದ 23 ಮಿಲಿಮೀಟರು, ಗ್ಲೇಜಿಯೋವಿಯಾನದ್ದು 35ರಿಂದ 50. ಮೊದಲನೆಯದರಲ್ಲಿ ಪರಾಗವನ್ನು ಹಿಡಿದುಕೊಳ್ಳುವ ತುದಿಯಾದ ನಾಲ್ಕು ಕವಲಿನ ಶಲಾಕಾಗ್ರ ಪರಾಗಕೋಶಗಳ ನಡುವೆಯೇ ಇರುವುದರಿಂದ ಹೂ ತಾನೇ ಫಲಿಸುತ್ತದೆ. ಎರಡನೆಯದರಲ್ಲಿ ಅದು ಪರಾಗಕೋಶಗಳನ್ನು ಮೀರಿ ಮೇಲೆ ನಿಲ್ಲುತ್ತದೆ. ಬೆರಕೆಯ ಗಿಡಗಳು ಇವೆರಡರ ನಡುವೆ ಎಲ್ಲಿಯಾದರೂ ಇರಬಹುದು. ಹಾಳೆಯ ಮೇಲಾದರೋ ದಳ ಒಣಗಿ ಕುಗ್ಗಿರುತ್ತದೆ, ಶಲಾಕೆ ಬಾಗಿ ಪಕ್ಕಕ್ಕೆ ಒತ್ತಿಕೊಂಡಿರುತ್ತದೆ. ಪರಾಗದ ಪರೀಕ್ಷೆ ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಗ್ಲೇಜಿಯೋವಿಯಾನದ ವರ್ಣತಂತುಗಳೂ ಬಳೆ ಕಟ್ಟುತ್ತವೆ, ಅದರ ಪರಾಗದಲ್ಲಿಯೂ ಜೊಳ್ಳಿದೆ. ಹುಕೆರಿಯಿಂದ ಬಿಡಿಸಿದ ಸಾಧನ ಈ ನಂಟನ ಮುಂದೆ ಮೊಂಡಾಗುತ್ತದೆ. ಆಗ ಉಳಿಯುವುದು ಕೂದಲಿನ ಬಗೆ, ಎಲೆಯ ಸುಕ್ಕು, ಚೀಟಿಯಲ್ಲಿ ಸಂಗ್ರಾಹಕರು ಹಸಿಯಿದ್ದಾಗಲೇ ಅಳೆದು ಬರೆದಿದ್ದರೆ ಆ ಅಳತೆ, ಮತ್ತು ಪಾಲಕರು ಒಪ್ಪಿದರೆ ಎಲೆಯ ಒಂದು ಚೂರಿನಿಂದ ತೆಗೆಯುವ ಡಿಎನ್‌ಎ.

ಚೀಟಿಯ ಮಾತು, ನಕ್ಷೆಯ ಚುಕ್ಕೆ

ಹೆಸರು ಖಚಿತವಾಯಿತು ಎಂದುಕೊಳ್ಳೋಣ. ಸ್ಥಳದ ಪ್ರಶ್ನೆ ಇನ್ನೂ ಇದೆ. ಹಳೆಯ ಚೀಟಿಗಳಲ್ಲಿ ಅಕ್ಷಾಂಶ ರೇಖಾಂಶಗಳಿರುವುದಿಲ್ಲ. ಇಂಥ ಊರಿನಿಂದ ಉತ್ತರಕ್ಕೆ ಮೂರು ಮೈಲಿ, ಹೆದ್ದಾರಿಯ ಪಕ್ಕದ ಮರಳು ದಿಣ್ಣೆ ಎಂಬಂಥ ಮಾತುಗಳಿರುತ್ತವೆ. ಇದು ನಮ್ಮ ಕ್ರಯಪತ್ರದ ಚಕ್ಕುಬಂದಿಯಂತೆ. ಪೂರ್ವಕ್ಕೆ ಹುಣಸೆಮರ ಎಂದು ಬರೆದ ದಿನ ಅದು ಎಲ್ಲರಿಗೂ ಗೊತ್ತಿದ್ದ ಗುರುತು. ಮರ ಬಿದ್ದ ಮೇಲೆ ಗಡಿಯೂ ಹೋಯಿತು. ಈ ಕರಾವಳಿಯ ಬೆನ್ನೆಲುಬಾದ 101ನೇ ಹೆದ್ದಾರಿಯ ಜಾಡೇ ಕೆಲವೆಡೆ ಬದಲಾಗಿದೆ: ಪ್ರೇರಿ ಕ್ರೀಕ್ ರೆಡ್‌ವುಡ್ ಕಾಡಿನ ನಡುವಿನ ಹಳೆಯ ಹೆದ್ದಾರಿ, 1992ರಲ್ಲಿ ಹೊಸ ಬೈಪಾಸ್ ತೆರೆದ ಮೇಲೆ, ಈಗ ಬೇರೆ ಹೆಸರಿನ ವಿಹಾರದ ರಸ್ತೆ. ಅದರಾಚೆಯ ಊರಿನಿಂದ ಎಣಿಸಿದ ಹಳೆಯ ಮೈಲಿಗಳನ್ನು ಇಂದಿನ ನಕ್ಷೆಯ ಮೇಲೆ ಅಳೆದರೆ ಬೇರೆಯೇ ಜಾಗಕ್ಕೆ ಹೋಗುತ್ತೇವೆ. ಊರಿನಿಂದ ಎಂದರೆ ಊರಿನ ನಡುವಿನಿಂದಲೋ ಗಡಿಯಿಂದಲೋ, ಮೂರು ಮೈಲಿ ಎಂದರೆ ರಸ್ತೆಯ ಮೇಲೋ ಹಕ್ಕಿ ಹಾರಿದ ಹಾಗೆಯೋ ಎಂಬ ಅನುಮಾನಗಳೂ ಉಳಿಯುತ್ತವೆ.

ಆದ್ದರಿಂದ ಸ್ಥಳವನ್ನು ನಕ್ಷೆಗೆ ಏರಿಸುವವರು ಒಂದು ಬಿಂದುವನ್ನಷ್ಟೇ ಅಲ್ಲ, ಅದರ ಸುತ್ತ ಒಂದು ತ್ರಿಜ್ಯವನ್ನೂ ದಾಖಲಿಸುತ್ತಾರೆ: ಗಿಡ ಈ ವೃತ್ತದೊಳಗೆ ಎಲ್ಲೋ ಇತ್ತು ಎಂದು. ತ್ರಿಜ್ಯ ಐವತ್ತು ಮೀಟರಿದ್ದರೆ ಆ ದಿಣ್ಣೆಗೆ ಹೋಗಿ ಹುಡುಕಬಹುದು. ಐದು ಕಿಲೋಮೀಟರಿದ್ದರೆ ಅದು ಕೌಂಟಿಯ ಹೆಸರು ಹೇಳಿದಷ್ಟೇ ಉಪಯುಕ್ತ. ನಕ್ಷೆಯಲ್ಲಿ ಎರಡೂ ಒಂದೇ ಗಾತ್ರದ ಚುಕ್ಕೆಗಳು. ಸಮುದ್ರದ ನೀರಿನಲ್ಲಿ ತೇಲುತ್ತಿರುವ ಚುಕ್ಕೆಗಳು ಕಂಡು ನಕ್ಕವರಿದ್ದಾರೆ; ಅವು ಸಾಮಾನ್ಯವಾಗಿ ಈ ವೃತ್ತದ ಕೇಂದ್ರಗಳು, ಇಲ್ಲವೇ ಕಳ್ಳರ ಕೈಗೆ ಸಿಗದಿರಲೆಂದು ಬೇಕೆಂದೇ ಮಸುಕುಗೊಳಿಸಿದ ಸ್ಥಳಗಳು. ಅಪರೂಪದ ಗಿಡಗಳ ನಿಖರ ಸ್ಥಾನವನ್ನು ಸಾರ್ವಜನಿಕರಿಗೆ ತೋರಿಸದಿರುವ ಪದ್ಧತಿ ಹಲವು ದತ್ತಾಂಶ ಜಾಲಗಳಲ್ಲಿದೆ. ದಾಖಲೆಯಲ್ಲಿ ಅನಿಶ್ಚಿತತೆಯ ಕಾಲಂ ಖಾಲಿಯಿದ್ದರೆ ಅದನ್ನು ನಿಖರತೆ ಎಂದು ತಿಳಿಯಬಾರದು, ತಿಳಿಯದು ಎಂದು ತಿಳಿಯಬೇಕು.

ಇನ್ನು ಎಣಿಕೆ. ಒಂದು ಜಾಗದಲ್ಲಿ ಗಿಡ ಸಮೃದ್ಧವಾಗಿದ್ದರೆ ಸಂಗ್ರಾಹಕರು ಒಂದೇ ಸಂಖ್ಯೆಯಡಿ ನಾಲ್ಕೈದು ಹಾಳೆಗಳಿಗಾಗುವಷ್ಟು ಒತ್ತಿ, ಬೇರೆಬೇರೆ ಹರ್ಬೇರಿಯಂಗಳಿಗೆ ಹಂಚುತ್ತಾರೆ. ಬೆಂಕಿ ಬಿದ್ದರೆ ಒಂದಾದರೂ ಉಳಿಯಲಿ ಎಂಬ ಮುಂದಾಲೋಚನೆ ಅದು. ಜಾಗತಿಕ ದತ್ತಾಂಶದಲ್ಲಿ ಇವು ಐದು ದಾಖಲೆಗಳಾಗಿ ಸೇರುತ್ತವೆ. ಅದಕ್ಕಿಂತ ತಮಾಷೆಯ ಸಂಗತಿಯೆಂದರೆ, ತಜ್ಞರು ಒಂದು ಹರ್ಬೇರಿಯಂಗೆ ಬಂದು ಒಂದು ಹಾಳೆಗೆ ಹೊಸ ಚೀಟಿ ಅಂಟಿಸಿದರೆ ಉಳಿದ ನಾಲ್ಕಕ್ಕೆ ಅದರ ಸುದ್ದಿಯೇ ಮುಟ್ಟುವುದಿಲ್ಲ. ಒಂದೇ ಗಿಡದ ಕೊಂಬೆಗಳು ಒಂದೂರಿನಲ್ಲಿ ವುಲ್ಫಿಯೈ, ಇನ್ನೊಂದೂರಿನಲ್ಲಿ ಹುಕೆರಿ ಎನಿಸಿಕೊಂಡು ಬದುಕಬಲ್ಲವು. ಸಂಗ್ರಾಹಕರ ಹೆಸರು, ಸಂಖ್ಯೆ, ದಿನಾಂಕ ಈ ಮೂರನ್ನು ಹೊಂದಿಸಿ ನೋಡಿದರೆ ಮಾತ್ರ ಅಣ್ಣತಮ್ಮಂದಿರು ಗುರುತಾಗುತ್ತಾರೆ.

ಬೆಂಕಿಯ ಮಾತು ಉತ್ಪ್ರೇಕ್ಷೆಯಲ್ಲ. 1906ರ ಏಪ್ರಿಲ್ 18ರ ಬೆಳಗಿನ ಭೂಕಂಪದ ನಂತರ ಸ್ಯಾನ್ ಫ್ರಾನ್ಸಿಸ್ಕೊ ಹೊತ್ತಿ ಉರಿದಾಗ, ಕ್ಯಾಲಿಫೋರ್ನಿಯ ವಿಜ್ಞಾನ ಅಕಾಡೆಮಿಯ ಹರ್ಬೇರಿಯಂ ಸುಟ್ಟುಹೋಯಿತು. ಅದರ ಪಾಲಕಿ ಆಲಿಸ್ ಈಸ್ಟ್‌ವುಡ್, ಮುರಿದ ಮೆಟ್ಟಿಲುಗಳ ಕಂಬಿ ಹಿಡಿದು ಆರನೆಯ ಅಂತಸ್ತಿಗೆ ಹತ್ತಿ, ಸುಮಾರು 1,500 ಮಾದರಿಗಳನ್ನು ಹಗ್ಗದಲ್ಲಿ ಕೆಳಗಿಳಿಸಿ ಉಳಿಸಿದರು. ಅಷ್ಟಾದರೂ ಉಳಿದದ್ದು ಅವರ ಒಂದು ಹಳೆಯ ಅಭ್ಯಾಸದಿಂದ: ಒಂದು ಹೆಸರಿಗೆ ಮೂಲ ಆಧಾರವಾದ ಮಾದರಿಗಳನ್ನು ಅವರು ಉಳಿದ ಹಾಳೆಗಳಿಂದ ಬೇರೆಯಾಗಿ ಇಡುತ್ತಿದ್ದರು, ಅದು ಆ ಕಾಲದ ರೂಢಿಗೆ ವಿರುದ್ಧವಾಗಿತ್ತು. ಆ ಹರ್ಬೇರಿಯಂನ ಹತ್ತೊಂಬತ್ತನೆಯ ಶತಮಾನದ ದಾಖಲೆಗಳು ವಿರಳವಾಗಿ ಕಂಡರೆ, ಆಗ ಕರಾವಳಿಯಲ್ಲಿ ಗಿಡಗಳಿರಲಿಲ್ಲ ಎಂದು ಯಾರೂ ಹೇಳಬಾರದು.

ಇದೇ ತಪ್ಪು ಇತ್ತೀಚಿನ ವರ್ಷಗಳ ವಿಷಯದಲ್ಲಿ ಇನ್ನೂ ಸುಲಭವಾಗಿ ಆಗುತ್ತದೆ. ಗಿಡ ಅಪರೂಪದ್ದೆಂದು ಪಟ್ಟಿಗೆ ಸೇರಿದೊಡನೆ ಅದನ್ನು ಕೀಳಲು ಅನುಮತಿ ಬೇಕಾಗುತ್ತದೆ. ಅನುಮತಿಯಿದ್ದರೂ ಇಪ್ಪತ್ತು ಗಿಡಗಳಿರುವಲ್ಲಿ ಒಂದಕ್ಕಿಂತ ಹೆಚ್ಚು ಕೀಳಬಾರದೆಂಬ ನೀತಿಯನ್ನು ಸಸ್ಯಶಾಸ್ತ್ರಜ್ಞರು ಪಾಲಿಸುತ್ತಾರೆ. ಹಾಗಾಗಿ ಹಾಳೆಗಳು ಕಡಿಮೆಯಾಗುತ್ತವೆ, ಫೋಟೊ ದಾಖಲೆಗಳು ಹೆಚ್ಚುತ್ತವೆ. ದಶಕವಾರು ಹಾಳೆಗಳನ್ನು ಎಣಿಸಿ ಗೆರೆ ಎಳೆದವರಿಗೆ ಗಿಡ ಕುಸಿಯುತ್ತಿರುವಂತೆ ಕಾಣುತ್ತದೆ. ವುಲ್ಫಿಯೈ ನಿಜಕ್ಕೂ ಸಂಕಟದಲ್ಲಿದೆ; ಆದರೆ ಆ ಗೆರೆ ಅದರ ಸಾಕ್ಷಿಯಲ್ಲ, ಕಾನೂನಿನ ಸಾಕ್ಷಿ. ಸಂಗ್ರಾಹಕರು ಎಲ್ಲಿಗೆ ಹೋದರು ಎಂಬುದೂ ಹೀಗೆಯೇ ನಕ್ಷೆಯನ್ನು ಬಾಗಿಸುತ್ತದೆ. ಕಾರು ನಿಲ್ಲಿಸಲು ಜಾಗವಿರುವ ತಿರುವುಗಳಲ್ಲಿ ದಾಖಲೆಗಳು ಗುಂಪಾಗಿರುತ್ತವೆ, ಕಾಲು ಜಾರುವ ಕಡಲ ದಿಣ್ಣೆಗಳಲ್ಲಿ ಇರುವುದಿಲ್ಲ. ಬೇಸಿಗೆಯ ರಜೆಯ ತಿಂಗಳುಗಳಲ್ಲಿ ಹೆಚ್ಚು, ಚಳಿಗಾಲದಲ್ಲಿ ಇಲ್ಲ. ನೆಲಕ್ಕಂಟಿದ ಎಲೆಚಕ್ರದ ಹಂತವನ್ನು ಒತ್ತಿಡುವವರಂತೂ ವಿರಳ, ಹೂವಿಲ್ಲದ ಗಿಡಕ್ಕಾಗಿ ಯಾರು ಮಂಡಿಯೂರುತ್ತಾರೆ? ಗಿಡ ತನ್ನ ಬಾಳಿನ ಬಹುಕಾಲ ಕಳೆಯುವ ರೂಪವೇ ದಾಖಲೆಯ ಹೊರಗೆ ಉಳಿದಿದೆ.

ಹೀಗೆ ಸೋಸಿದ ಮೇಲೆ ಕೈಯಲ್ಲಿ ಉಳಿಯುವ ದಾಖಲೆಗಳು ಮೊದಲು ಕಂಡದ್ದಕ್ಕಿಂತ ಕಡಿಮೆ, ಆದರೆ ಅವುಗಳಿಂದ ಹೇಳಬಹುದಾದದ್ದು ಹೆಚ್ಚು. ಇಂಥ ದಿನ, ಇಂಥ ವೃತ್ತದೊಳಗೆ, ಈ ಗಿಡ ಹೂಬಿಟ್ಟು ನಿಂತಿತ್ತು. ಅದರ ಪರಾಗದಲ್ಲಿ ಅರ್ಧ ಜೊಳ್ಳಿತ್ತು. ಅದರ ದಳ ಇಷ್ಟಿತ್ತು. ಗ್ಲೇಜಿಯೋವಿಯಾನ ಆ ಪ್ರದೇಶಕ್ಕೆ ಬರುವ ಮೊದಲು ಒತ್ತಿಟ್ಟ ಹಾಳೆಯಾದರೆ ಅದರ ಬೆಲೆ ಇನ್ನೂ ಹೆಚ್ಚು, ಬೆರಕೆಯಾಗದ ವುಲ್ಫಿಯೈ ಹೇಗಿತ್ತು ಎಂಬುದಕ್ಕೆ ಅದು ಅಳತೆಗೋಲು. ಇಂದು ದಿಣ್ಣೆಯ ಮೇಲೆ ನಿಂತಿರುವ ಗಿಡ ಶುದ್ಧವೋ ಬೆರಕೆಯೋ ಎಂದು ತೀರ್ಮಾನಿಸುವವರು, ಯಾವ ಗಿಡದ ಬೀಜವನ್ನು ಮತ್ತೆ ನೆಡಲು ಆರಿಸಬೇಕು ಎಂದು ಯೋಚಿಸುವವರು, ಅಂಥ ಹಾಳೆಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ.

ಹಾಳೆಯ ಮೇಲಿನ ಮೂಲೆಯಲ್ಲಿ ಸಾಮಾನ್ಯವಾಗಿ ಮಡಿಸಿದ ಒಂದು ಪುಟ್ಟ ಕಾಗದದ ಲಕೋಟೆ ಅಂಟಿಸಿರುತ್ತಾರೆ. ಒತ್ತುವಾಗ ಉದುರಿದ ದಳ, ಮುರಿದ ಕಾಯಿ, ಚೆಲ್ಲಿದ ಬೀಜ ಅದರೊಳಗೆ ಸೇರುತ್ತವೆ. ಈನೊಥೆರದ ಬೀಜ ಗಟ್ಟಿಜೀವ. ಮಿಷಿಗನ್ನಿನಲ್ಲಿ ವಿಲಿಯಂ ಬೀಲ್ 1879ರಲ್ಲಿ ಮರಳು ತುಂಬಿದ ಬಾಟಲಿಗಳಲ್ಲಿ ಹೂತಿಟ್ಟ ಹಲವು ಬಗೆಯ ಬೀಜಗಳಲ್ಲಿ, ಎಂಬತ್ತು ವರ್ಷಗಳ ನಂತರ ತೆಗೆದಾಗಲೂ ಮೊಳೆತ ಮೂರು ಗಿಡಗಳಲ್ಲಿ ಈನೊಥೆರ ಬಯೆನಿಸ್ ಒಂದು. ಆದರೆ ಆ ಬೀಜಗಳು ತಂಪು ನೆಲದೊಳಗೆ ಕತ್ತಲಲ್ಲಿದ್ದವು. ಹಾಳೆಯ ಲಕೋಟೆಯೊಳಗಿನವು ಒಣಗಿಸುವ ಬಿಸಿಯನ್ನೂ, ಹುಳು ಸಾಯಿಸಲೆಂದು ಕೊಟ್ಟ ಕೊರೆಯುವ ಚಳಿಯನ್ನೂ, ಹಿಂದಿನ ಕಾಲದ ಪಾದರಸದ ವಿಷವನ್ನೂ ಕಂಡಿರಬಹುದು. ಅವು ಮೊಳೆಯಲಿ ಎಂದು ಯಾರೂ ಕಾಯುವುದಿಲ್ಲ. ಹಳೆಯ ಹಾಳೆಯನ್ನು ಪರಿಶೀಲಿಸಲು ಬಂದವರು ಮಾತ್ರ, ದಳವೆಲ್ಲ ಸುಕ್ಕಾಗಿ ಅಳತೆಗೆ ಸಿಗದಿದ್ದರೆ, ಚಿಮಟದಿಂದ ಮೊದಲು ಬಿಚ್ಚುವುದು ಆ ಲಕೋಟೆಯನ್ನೇ.